ಪಿಎಸ್‌ಕ್ಯೂಎಲ್‌ನಲ್ಲಿ ಮೆಮೊರಿ ಲೀಕ್ ಹಿಡಿಯಲು ಯಾವುದು ಒಳ್ಳೆಯದು?

ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಟರ್ಮಿನಲ್‌ನಿಂದ ಕಮಾಂಡ್ ಕೊಡುವ ಕ್ಲೈಂಟ್ ಪಿಎಸ್‌ಕ್ಯೂಎಲ್. ಇದನ್ನು ಬೆಳಗ್ಗೆ ತೆರೆದರೆ ಎಷ್ಟೋ ಜನ ಸಂಜೆವರೆಗೂ ಮುಚ್ಚುವುದಿಲ್ಲ. ಹಾಗಾಗಿ ಇದರಲ್ಲಿ ಚಿಕ್ಕ ಲೀಕ್ (ಪಡೆದ ಮೆಮೊರಿಯನ್ನು ವಾಪಸ್ ಕೊಡದೇ ಇರುವುದು) ಕೂಡ ಲೆಕ್ಕಕ್ಕೆ ಬರುತ್ತದೆ. ಮೂರು ಟೂಲ್‌ಗಳನ್ನು ಪರೀಕ್ಷಿಸಲು ನಾನು ಸೋರ್ಸ್ ಇಳಿಸಿಕೊಂಡು ಬೇಕಂತಲೇ ಒಂದು ಲೀಕ್ ಇಟ್ಟೆ. ಟೇಬಲ್ ವಿವರ ತೋರಿಸುವ \ಡಿ ಕಮಾಂಡ್‌ನ ಕೋಡ್‌ನಲ್ಲಿ, ಕ್ವೆರಿಯ ಫಲಿತಾಂಶವನ್ನು ಬಿಡುಗಡೆ ಮಾಡುವ ಪಿಕ್ಯೂಕ್ಲಿಯರ್ ಸಾಲೊಂದನ್ನು ತೆಗೆದೆ.

ಮೊದಲು ವ್ಯಾಲ್‌ಗ್ರಿಂಡ್, ಪ್ರೋಗ್ರಾಂ ಅನ್ನು ತನ್ನೊಳಗೆ ಓಡಿಸಿ ಮೆಮೊರಿ ತಪ್ಪು ಹಿಡಿಯುವ ಟೂಲ್. ಡೀಬಗ್ ಮಾಹಿತಿ ಇರುವ ಬಿಲ್ಡ್ ಇದ್ದರೆ ಸಾಕು, ಬೇರೆ ತಯಾರಿ ಬೇಡ. ಪ್ರೋಗ್ರಾಂ 10ರಿಂದ 30 ಪಟ್ಟು ನಿಧಾನವಾಗುತ್ತದೆ ನಿಜ. ಆದರೆ ಕ್ಲೈಂಟ್ ಜಾಸ್ತಿ ಹೊತ್ತು ನಮ್ಮ ಟೈಪಿಂಗ್‌ಗೋ ಸರ್ವರ್ ಉತ್ತರಕ್ಕೋ ಕಾಯುತ್ತಿರುತ್ತದೆ ಅಲ್ವಾ, ಹಾಗಾಗಿ ನನಗೆ ಅಷ್ಟೇನೂ ಕಷ್ಟವಾಗಲಿಲ್ಲ. ವರದಿಯಲ್ಲಿ ಪಿಜಿರಿಸಲ್ಟ್ (ಕ್ವೆರಿಯ ಫಲಿತಾಂಶ ಇಡುವ ರಚನೆ) ‘ಡೆಫಿನೆಟ್ಲಿ ಲಾಸ್ಟ್’ ಎಂದು ಬಂತು, ಅಂದರೆ ಅದರ ವಿಳಾಸ ಹಿಡಿದಿರುವ ಪಾಯಿಂಟರ್ ಎಲ್ಲೂ ಉಳಿದಿಲ್ಲ. ಅದು ಹಿಡಿದುಕೊಂಡಿದ್ದ 2048 ಬೈಟ್‌ಗಳ ಬ್ಲಾಕ್‌ಗಳು ‘ಇನ್‌ಡೈರೆಕ್ಟ್ಲಿ ಲಾಸ್ಟ್’. ಮೊದಲನೆಯದನ್ನು ಸರಿಪಡಿಸಿದರೆ ಎರಡನೆಯದು ತಾನಾಗೇ ಹೋಗುತ್ತದೆ. ಟೈಪಿಂಗ್ ನೋಡಿಕೊಳ್ಳುವ ರೀಡ್‌ಲೈನ್ ಲೈಬ್ರರಿಯ ‘ಸ್ಟಿಲ್ ರೀಚಬಲ್’ (ಪಾಯಿಂಟರ್ ಇನ್ನೂ ಇರುವ) ಸಾಲುಗಳಿಗೆ ತಲೆ ಕೆಡಿಸಿಕೊಳ್ಳಬೇಡಿ.

ನನಗೆ ತುಂಬಾ ಹಿಡಿಸಿದ್ದು ಇದರ ಜೊತೆಗೇ ಬರುವ ವಿಜಿಡಿಬಿ. ಪಿಎಸ್‌ಕ್ಯೂಎಲ್ ಪ್ರಾಂಪ್ಟ್‌ನಲ್ಲಿ ಕಾಯುತ್ತಿರುವಾಗಲೇ ಇನ್ನೊಂದು ಟರ್ಮಿನಲ್‌ನಿಂದ ಲೀಕ್ ಚೆಕ್ ಮಾಡಿಸಬಹುದು. ಒಮ್ಮೆ ಚೆಕ್, ಒಂದೇ ಒಂದು \ಡಿ, ಮತ್ತೆ ಚೆಕ್. ಹೆಚ್ಚಾದದ್ದನ್ನು ಮಾತ್ರ ತೋರಿಸು ಎಂದರೆ ತಪ್ಪು ಯಾವ ಕಮಾಂಡ್‌ನದ್ದು ಅನ್ನೋದು ಅಲ್ಲೇ ಗೊತ್ತಾಗುತ್ತದೆ.

ಎರಡನೆಯದು ಅಡ್ರೆಸ್ ಸ್ಯಾನಿಟೈಸರ್, ಕಂಪೈಲರ್ ಸೇರಿಸುವ ಮೆಮೊರಿ ತಪಾಸಣೆ. ಇದು ಸುಮಾರು 2 ಪಟ್ಟು ಮಾತ್ರ ನಿಧಾನ. ಆದರೆ ಮತ್ತೆ ಕಂಪೈಲ್ ಮಾಡಬೇಕು. ಬಿಲ್ಡ್ ಮಾಡುವಾಗ ಲೀಕ್ ಪತ್ತೆಯನ್ನು ಆಫ್ ಮಾಡಿಡಿ, ಇಲ್ಲದಿದ್ದರೆ ಮಧ್ಯೆ ಓಡುವ ಚಿಕ್ಕ ಪ್ರೋಗ್ರಾಂಗಳ ಲೀಕ್‌ಗೂ ಬಿಲ್ಡ್ ನಿಂತುಬಿಡಬಹುದು. ವರದಿ ಬರುವುದು ಪ್ರೋಗ್ರಾಂ ಸರಿಯಾಗಿ ಮುಗಿದಾಗ, ಕಿಲ್ ಮೈನಸ್ 9 ಕೊಟ್ಟರೆ ಏನೂ ಸಿಗಲ್ಲ. ಬೇಡದ ಸಾಲುಗಳ ಗದ್ದಲ ಕಡಿಮೆ, ಏಕೆಂದರೆ ಇನ್ನೂ ಪಾಯಿಂಟರ್ ಇರುವ ಮೆಮೊರಿಯನ್ನು ಅದು ಹೇಳುವುದೇ ಇಲ್ಲ. ದಿನಾ ಓಡುವ ಟೆಸ್ಟ್‌ಗಳಿಗೆ ನಾನು ಇದನ್ನೇ ಇಡುತ್ತೇನೆ.

ಮೂರನೆಯದಾದ ಹೀಪ್‌ಟ್ರ್ಯಾಕ್‌ನ ಕೆಲಸ ಬೇರೆ, ಮೆಮೊರಿ ಬಳಕೆಯನ್ನು ಗ್ರಾಫ್‌ನಲ್ಲಿ ತೋರಿಸುವುದು. ದೊಡ್ಡ ಟೇಬಲ್ ಮೇಲೆ ಸೆಲೆಕ್ಟ್ ಓಡಿಸಿದೆ, ಗ್ರಾಫ್ ಸರ್ರನೆ ಮೇಲೇರಿತು. ಇದು ಲೀಕ್ ಅಲ್ಲ! ಪಿಎಸ್‌ಕ್ಯೂಎಲ್ ಇಡೀ ಫಲಿತಾಂಶವನ್ನು ಮೆಮೊರಿಗೆ ತಂದುಕೊಂಡೇ ತೋರಿಸುತ್ತದೆ. ಒಮ್ಮೆಗೆ ಎಷ್ಟು ಸಾಲು ತರಬೇಕೆಂದು ಹೇಳುವ ಫೆಚ್‌ಕೌಂಟ್ ವೇರಿಯಬಲ್‌ಗೆ 1000 ಕೊಟ್ಟ ಮೇಲೆ ಗ್ರಾಫ್ ಮಟ್ಟವಾಯಿತು. ಮೈಎಸ್‌ಕ್ಯೂಎಲ್ ಕ್ಲೈಂಟ್‌ನಲ್ಲಿ ಇದಕ್ಕೆ ಕ್ವಿಕ್ ಆಯ್ಕೆ ಇದೆ. ಮೆಮೊರಿ ಜಾಸ್ತಿ ತಿನ್ನುತ್ತಿದೆ ಎಂದು ಯಾರಾದರೂ ದೂರಿದರೆ ಮೊದಲು ಇಲ್ಲಿ ನೋಡಿ.

ಲೀಕ್ ಸಿಕ್ಕ ಮೇಲೆ ಸರಿಪಡಿಸುವುದು ಸುಲಭ. ತಪ್ಪು ಸಾಮಾನ್ಯವಾಗಿ ಅಡಗಿರುವುದು ಎರರ್ ಬಂದಾಗ ಮಧ್ಯದಲ್ಲೇ ರಿಟರ್ನ್ ಆಗುವ ಕಡೆ. ಅಲ್ಲಲ್ಲಿ ಪಿಕ್ಯೂಕ್ಲಿಯರ್ ತುರುಕುವ ಬದಲು ಫಂಕ್ಷನ್‌ನ ಕೊನೆಗೆ ಒಂದೇ ದಾರಿ ಮಾಡಿ, ಎಲ್ಲವನ್ನೂ ಅಲ್ಲೇ ಬಿಡುಗಡೆ ಮಾಡಿ. ಶುರುವಿನಲ್ಲೇ ಪಾಯಿಂಟರ್‌ಗೆ ನಲ್ ಹಾಕಿಟ್ಟಿರಿ. ಪಿಕ್ಯೂಕ್ಲಿಯರ್‌ಗೆ ನಲ್ ಕೊಟ್ಟರೆ ಅದು ಸುಮ್ನೆ ವಾಪಸ್ ಬರುತ್ತದೆ.