ಮುಂಬಯಿ ಟೌನ್‌ಹಾಲ್: ಒಬ್ಬ ಬಡಗಿ ಕಂಡ ಹಾಗೆ

ಊರಿಂದ ಮುಂಬಯಿ ನೋಡಲು ಬಂದವರು ಗೇಟ್‌ವೇ, ತಾಜ್ ಹೋಟೆಲು, ಚೌಪಾಟಿ ಇಷ್ಟು ಮುಗಿಸಿ ರೈಲು ಹತ್ತುತ್ತಾರೆ. ದಕ್ಷಿಣ ಮುಂಬಯಿಯ ಫೋರ್ಟ್ ಪ್ರದೇಶದ ಟೌನ್‌ಹಾಲಿಗೆ ಒಂದು ಬೆಳಿಗ್ಗೆ ಇಟ್ಟುಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಹಾರ್ನಿಮನ್ ಸರ್ಕಲಿನ ತೋಟದ ಎದುರಿಗೇ ಇದೆ. ಟೌನ್‌ಹಾಲ್ ಎಂದರೆ ಟ್ಯಾಕ್ಸಿಯವರಿಗೆ ಗೊತ್ತಾಗದಿದ್ದರೆ ಏಷಿಯಾಟಿಕ್ ಲೈಬ್ರರಿ ಎನ್ನಿ, ನೇರ ತಂದು ಬಿಡುತ್ತಾರೆ. ನನ್ನ ಲೆಕ್ಕದಲ್ಲಿ ಐದಕ್ಕೆ ಐದು ಸ್ಟಾರು.

ನಾನು ಕಾರ್ಕಳದ ಕಡೆಯವನು, ಮರದ ಕೆಲಸದವನು. ಡೊಂಬಿವಲಿಯಲ್ಲಿ ಮನೆ. ಹೊಸ ಫರ್ನಿಚರ್ ಮಾಡುವುದನ್ನು ಬಿಟ್ಟು ಈಗ ಹಳೆಯ ಕಪಾಟು, ಕುರ್ಚಿ, ಬಾಗಿಲು ಸರಿಪಡಿಸುವುದನ್ನೇ ಕಸುಬು ಮಾಡಿಕೊಂಡಿದ್ದೇನೆ. ಹಾಗಾಗಿ ಈ ಬರಹದಲ್ಲಿ ಮರದ ಮಾತು ಸ್ವಲ್ಪ ಜಾಸ್ತಿಯೇ ಇರುತ್ತದೆ. ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದದ್ದು ಅಕ್ಕನ ಮಗಳು. ಅವಳು ಕನ್ನಡ ಎಂ.ಎ. ಓದುತ್ತಿದ್ದಾಳೆ, ಅಲ್ಲಿನ ಲೈಬ್ರರಿಗೆ ಮೆಂಬರು.

ಮೊದಲು ಕಾಣುವುದು ಮೆಟ್ಟಿಲು. ಒಟ್ಟು 30. ಬುಡದಲ್ಲಿ ನಿಂತು ತಲೆ ಎತ್ತಿದರೆ ಎಂಟು ದಪ್ಪ ಕಂಬಗಳು, ಹಳೇ ಗ್ರೀಕರ ಡೋರಿಕ್ ಶೈಲಿಯವು. ಕಂಬದ ಮೇಲೆ ಹೂವಿಲ್ಲ, ಬಳ್ಳಿಯಿಲ್ಲ, ನೇರ ಗೀರುಗಳು ಮಾತ್ರ. ಕಟ್ಟಡದ ಅಗಲ ಸುಮಾರು 200 ಅಡಿ. ಕರ್ನಲ್ ಥಾಮಸ್ ಕೌಪರ್ ಎಂಬ ಎಂಜಿನಿಯರ್ ನಕ್ಷೆ ಬರೆದದ್ದು. ಕೆಲಸ ಮುಗಿದದ್ದು 1833ರಲ್ಲಿ. ದುಡ್ಡು ಸಾಲದೆ ಎಷ್ಟೋ ವರ್ಷ ಎಳೆಯಿತಂತೆ, ಲಾಟರಿ ಎತ್ತಿ ಸಹ ಹಣ ಕೂಡಿಸಿದ್ದರು. ಕಂಬದ ಕಲ್ಲು ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂತು, ಬಂದದ್ದು ಎಣಿಸಿದ್ದಕ್ಕಿಂತ ದೊಡ್ಡದಾಗಿ ಕೆಲವು ಉಳಿದವು, ಉಳಿದವನ್ನು ಭಾಯಖಳಾದ ಚರ್ಚಿಗೆ ಕೊಟ್ಟರು ಎಂಬ ಮಾತು ಇಲ್ಲಿ ಎಲ್ಲರ ಬಾಯಲ್ಲೂ ಇದೆ.

ಇದೇ ಮೆಟ್ಟಿಲುಗಳ ಮೇಲೆ 1858ರ ನವೆಂಬರ್ 1ರಂದು, ಕಂಪನಿಯ ಆಡಳಿತ ಹೋಯಿತು, ಇನ್ನು ರಾಣಿಯದು ಎಂಬ ಘೋಷಣೆಯನ್ನು ಓದಿದ್ದು. ಆಗ ಧಾರವಾಡ, ಬೆಳಗಾವಿಗಳಿಗೂ ಮುಂಬಯಿಯೇ ರಾಜಧಾನಿ. ಈಗ ಅದೇ ಮೆಟ್ಟಿಲ ಮೇಲೆ ಕಾಲೇಜು ಹುಡುಗರು ಡಬ್ಬಿ ಬಿಚ್ಚಿ ಕೂರುತ್ತಾರೆ, ಮದುವೆ ಗೊತ್ತಾದವರು ಫೋಟೊ ತೆಗೆಸಿಕೊಳ್ಳುತ್ತಾರೆ. ಅದು ನನಗೆ ಬಹಳ ಇಷ್ಟವಾಯಿತು. ಮಂಡಿ ನೋವಿರುವವರು ಅವಸರ ಮಾಡದೆ ನಡುವೆ ಒಮ್ಮೆ ಕೂತು ಹತ್ತಿ.

ಹತ್ತುವಾಗ ಕಿಟಕಿಗಳ ಕಡೆ ಕಣ್ಣು ಹಾಯಿಸಿ. ಮೇಲೆ ಮರದ ಬಿಸಿಲುಮರೆ ಇದೆ. ಕಂಬವೆಲ್ಲ ಗ್ರೀಕರದ್ದಾದರೂ ಈ ಮರೆ ನಮ್ಮ ಮಳೆ, ನಮ್ಮ ಬಿಸಿಲು ಗೊತ್ತಿದ್ದವರ ಕೆಲಸ. ಹಳೆಯ ಕಟ್ಟಡ ರಿಪೇರಿಗೆ ಬಂದಾಗ ಬಹಳ ಕಡೆ ಮೊದಲು ಕಿತ್ತು ಬಿಸಾಡುವುದೇ ಇದನ್ನು. ಆ ಜಾಗಕ್ಕೆ ಅಲ್ಯೂಮಿನಿಯಂ, ಫೈಬರ್ ಶೀಟು ಬರುತ್ತದೆ. ಮರೆ ಹೋದರೆ ಮಳೆ ನೀರು ಚೌಕಟ್ಟಿಗೆ ಬಡಿಯುತ್ತದೆ, ಚೌಕಟ್ಟು ಕೊಳೆತರೆ ನೀರು ಗೋಡೆಗೆ ಇಳಿಯುತ್ತದೆ. ಚಂದಕ್ಕೆ ಇಟ್ಟದ್ದು ಎಂದುಕೊಂಡದ್ದು ಕಟ್ಟಡ ಕಾಯುತ್ತಿತ್ತು ಎಂದು ಆಮೇಲೆ ತಿಳಿಯುತ್ತದೆ.

ಒಳಗೆ ಕಾಲಿಟ್ಟರೆ ಎತ್ತರದ ಮಾಡು, ಕಬ್ಬಿಣದ ಕೆಲಸ, ಮರದ ನೆಲ, ಮೇಲಿನ ಕಪಾಟುಗಳಿಗೆ ಹತ್ತಲು ಸುರುಳಿ ಮೆಟ್ಟಿಲು. ಅಮೃತಶಿಲೆಯ ಮೂರ್ತಿಗಳಿವೆ: ಎಲ್ಫಿನ್‌ಸ್ಟನ್, ಮಾಲ್ಕಮ್ ಮುಂತಾದ ಗವರ್ನರುಗಳು. ಅವರ ಸಾಲಿನಲ್ಲೇ ಜಗನ್ನಾಥ ಶಂಕರಶೇಟರೂ ಇದ್ದಾರೆ. ಈ ಊರಿನಲ್ಲಿ ಶಾಲೆ, ರೈಲು ಎಲ್ಲದರ ಹಿಂದೆ ಓಡಾಡಿದ ವ್ಯಾಪಾರಿ ಅವರು. ಮೂರ್ತಿಗಳ ಹತ್ತಿರ ನಾನು ಜಾಸ್ತಿ ಹೊತ್ತು ನಿಲ್ಲಲಿಲ್ಲ. ನನ್ನ ಕಣ್ಣೆಲ್ಲ ಕಪಾಟಿನ ಮೇಲೆ.

ಹಳೆಯ ಕಪಾಟನ್ನು ಪರೀಕ್ಷೆ ಮಾಡುವವನು ಮೊದಲು ಬೆರಳಿಡುವುದು ಅಂಚಿಗೆ. ಅಂಚು ಚೂಪಾಗಿದ್ದರೆ ಅದನ್ನು ಯಾರೂ ಮೆಷಿನ್ ಹಾಕಿ ಉಜ್ಜಿಲ್ಲ ಎಂದರ್ಥ. ಉಜ್ಜಿದರೆ ಮರ ಹೊಸದರ ಹಾಗೆ ಕಾಣುತ್ತದೆ ನಿಜ, ಆದರೆ ನೂರು ವರ್ಷ ಗಾಳಿ ಬೆಳಕಿಗೆ ಹದವಾದ ಮೇಲ್ಮೈ ಪುಡಿಯಾಗಿ ನೆಲಕ್ಕೆ ಬೀಳುತ್ತದೆ. ಕೆತ್ತಿದವನ ಉಳಿಯ ಗುರುತೂ ಅದರ ಜೊತೆಗೇ ಹೋಗುತ್ತದೆ. ಇಲ್ಲಿ ನಾನು ನೋಡಿದ ಕಪಾಟುಗಳ ಅಂಚು ಗಟ್ಟಿಯಾಗಿ ನಿಂತಿತ್ತು. ಮನಸ್ಸು ತುಂಬಿ ಬಂತು.

ಒಂದು ಹಳೇ ಬಂಗಲೆಯಲ್ಲಿ, ಹೆಸರು ಬೇಡ, ಸಾಗುವಾನಿ ಬಾಗಿಲಿಗೆ ಹೊಳೆಯುವ ಪಿ.ಯು. (ಪಾಲಿಯುರೆಥೇನ್, ಪ್ಲಾಸ್ಟಿಕ್ಕಿನಂಥ ಪದರ) ಕೋಟಿಂಗ್ ಬೇಕೆಂದು ಹಟ ಹಿಡಿದರು. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಹತ್ತಿಯ ಉಂಡೆಯಿಂದ ತೆಳ್ಳಗೆ ಕೈ ಮೇಲೆ ಕೈ ಕೊಡುವ ಫ್ರೆಂಚ್ ಪಾಲಿಶ್ ಇದ್ದ ಬಾಗಿಲು ಅದು. ಅರಗಿನ ಪಾಲಿಶ್ ಮಾಸಿದರೆ ಸ್ಪಿರಿಟ್ ಹಚ್ಚಿ ಕರಗಿಸಿ ಮತ್ತೆ ಕೊಡಬಹುದು, ಮೊಮ್ಮಕ್ಕಳ ಕಾಲದಲ್ಲೂ ಕೊಡಬಹುದು. ಪಿ.ಯು. ಹಾಗಲ್ಲ. ಒಮ್ಮೆ ಕೂತಿತೆಂದರೆ ತೆಗೆಯಲು ಮರವನ್ನೇ ಕೆರೆಯಬೇಕು. ನಾನು ಆ ಕೆಲಸ ಬಿಟ್ಟು ಬಂದೆ, ಬೇರೆ ಯಾರೋ ಮಾಡಿಕೊಟ್ಟರು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬಾಗಿಲ ಮೇಲೆ ಬಿಳಿ ಪೊರೆ ಎದ್ದಿತ್ತು.

ಮಳೆಗಾಲದ ವಿಷಯ ಬಂದದ್ದಕ್ಕೆ ಇನ್ನೊಂದು. ಹಳೆಯ ಬಾಗಿಲಿನ ಹಲಗೆ ಚೌಕಟ್ಟಿನಲ್ಲಿ ಉದ್ದಕ್ಕೆ ಕೊರೆದ ತೋಡಿನೊಳಗೆ ಸಡಿಲವಾಗಿ ಕೂತಿರುತ್ತದೆ, ಅದಕ್ಕೆ ಅಂಟು ಹಾಕಿರುವುದಿಲ್ಲ. ಆಷಾಢದಲ್ಲಿ ಮರ ಉಬ್ಬುತ್ತದೆ, ಚೈತ್ರದಲ್ಲಿ ಕುಗ್ಗುತ್ತದೆ, ಅದಕ್ಕೆ ಜಾಗ ಬೇಕು. ಆ ಸಂದನ್ನು ತಪ್ಪು ಎಂದುಕೊಂಡು ಪುಟ್ಟಿ ತುಂಬಿದರೆ ಹಲಗೆ ನಡುವಿಗೇ ಸೀಳುತ್ತದೆ. ಗೋಡೆಗೂ ಇದೇ ಮಾತು. ಸುಣ್ಣದ ಗಾರೆಯ ಗೋಡೆಗೆ ಸಿಮೆಂಟ್ ಬಳಿದರೆ ಒಳಗಿನ ತೇವ ಹೊರಗೆ ಬರಲು ದಾರಿ ಸಿಗುವುದಿಲ್ಲ, ಅದರಲ್ಲೂ ಸಮುದ್ರದ ಉಪ್ಪುಗಾಳಿಯ ಊರಿನಲ್ಲಿ. ಈ ಟೌನ್‌ಹಾಲ್ ಮುಂಬಯಿಯ ಪಾರಂಪರಿಕ ಕಟ್ಟಡಗಳ ಮೊದಲನೇ ದರ್ಜೆಯ ಪಟ್ಟಿಯಲ್ಲಿದೆ. ಹಾಗಾಗಿ ಮನಸ್ಸಿಗೆ ಬಂದಂತೆ ಕಿತ್ತು ಕಟ್ಟಲು ಬಿಡುವುದಿಲ್ಲ. ನಮ್ಮ ಮೂಡಬಿದಿರೆಯ ಸಾವಿರ ಕಂಬದ ಬಸದಿ 1430ರದ್ದು. ಅದರ ಮೇಲಿನ ಅಂತಸ್ತಿನ ಮರದ ಕೆಲಸ ನೋಡಿ ಬೆಳೆದವನಿಗೆ ಈ ಕಾಳಜಿ ಹೊಸದಲ್ಲ, ಆದರೆ ಫೋರ್ಟಿನಂಥ ಜಾಗದಲ್ಲಿ, ಒಂದೊಂದು ಅಡಿಗೂ ಬೆಲೆ ಕಟ್ಟುವ ಕಡೆ, ಅದು ಉಳಿದಿದೆ ಎಂಬುದೇ ದೊಡ್ಡದು.

ಅಕ್ಕನ ಮಗಳಿಗೆ ಬೇಕಿದ್ದದ್ದು ಬೇರೆ. ಈ ಲೈಬ್ರರಿ ನಡೆಸುವ ಏಷಿಯಾಟಿಕ್ ಸೊಸೈಟಿ ಹುಟ್ಟಿದ್ದು 1804ರಲ್ಲಿ, ಜೇಮ್ಸ್ ಮ್ಯಾಕಿಂಟೋಶ್ ಎಂಬ ನ್ಯಾಯಾಧೀಶರಿಂದ. ಮುಂದೆ ಅದು ತರುತ್ತಿದ್ದ ಜರ್ನಲಿನಲ್ಲಿ ಶಾಸನಗಳನ್ನು ಓದಿ ಬಿಡಿಸುತ್ತಿದ್ದ ಬ್ರಿಟಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ ಸಾಹೇಬರು 1870ರ ದಶಕದಲ್ಲಿ ಹಳಗನ್ನಡ ಶಾಸನಗಳನ್ನು ಅಚ್ಚು ಹಾಕಿಸಿದ್ದಾರೆ. ಸವದತ್ತಿ, ಬೆಳಗಾವಿ ಕಡೆ ಆಳಿದ ರಟ್ಟ ಅರಸರ ಶಾಸನಗಳು ಅದರಲ್ಲಿವೆ. ಅವಳು ಪುಟ ತಿರುಗಿಸುತ್ತಾ, “ಮಾಮ, ಇಲ್ಲಿ ನೋಡಿ, ನಮ್ಮ ಕನ್ನಡ” ಎಂದು ಪಿಸುಗುಟ್ಟಿದಳು. ನನಗೆ ಆ ಓದು ಗೊತ್ತಿಲ್ಲ. ಆದರೆ ಸವದತ್ತಿಯ ಕಲ್ಲಿನ ಮಾತು ಈ ಕಂಬಗಳ ಹಿಂದೆ ಜೋಪಾನವಾಗಿದೆ ಎಂದಾಗ, ಕಪಾಟನ್ನು ಯಾಕೆ ಕಾಯಬೇಕು ಎಂಬುದು ಇನ್ನಷ್ಟು ಸ್ಪಷ್ಟವಾಯಿತು. ಒಳಗಿನ ಪುಸ್ತಕಕ್ಕೆ ಹೊರಗಿನ ಹಲಗೆಯೇ ಆಸರೆ. ಇಟಲಿಯ ಕವಿ ದಾಂತೆಯ ಮಹಾಕಾವ್ಯದ ಬಹಳ ಹಳೆಯ ಕೈಬರಹದ ಪ್ರತಿಯೂ ಇಲ್ಲಿದೆ; ಅದನ್ನು ದಿನಾ ಹೊರಗಿಡುವುದಿಲ್ಲ, ಅದು ಸರಿಯೂ ಹೌದು. ಹಳೆಯ ಪುಸ್ತಕವೊಂದನ್ನು ದತ್ತು ತೆಗೆದುಕೊಂಡು ಅದರ ರಿಪೇರಿಗೆ ಹಣ ಕೊಡುವ ಯೋಜನೆಯಿದೆ. ದೂರದಲ್ಲಿರುವವರು ‘ಗ್ರಂಥ ಸಂಜೀವನಿ’ ಎಂಬ ಇವರ ಡಿಜಿಟಲ್ ತಾಣದಲ್ಲಿ ಎಷ್ಟೋ ಹಳೆಯ ಪುಸ್ತಕ ನೋಡಬಹುದು.

ಹೋಗುವವರಿಗೆ ಇಷ್ಟು: ಸಿ.ಎಸ್.ಎಂ.ಟಿ. (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಅಥವಾ ಚರ್ಚ್‌ಗೇಟ್ ಸ್ಟೇಷನ್ನಿನಲ್ಲಿ ಇಳಿದು ನಡೆಯಬಹುದು. ಗುರುತಿನ ಚೀಟಿ ಇಟ್ಟುಕೊಳ್ಳಿ. ಎಲ್ಲಿಯವರೆಗೆ ಹೋಗಬಹುದು, ಫೋಟೊ ತೆಗೆಯಬಹುದೇ ಎಂದು ಮೊದಲೇ ಕೇಳಿ. ಓದುವವರಿರುತ್ತಾರೆ, ಮೆಲ್ಲಗೆ ನಡೆಯಿರಿ, ಮರದ ನೆಲ ಸದ್ದು ಮಾಡುತ್ತದೆ. ಮೂರ್ತಿಗಳನ್ನೂ ಕಪಾಟಿನ ಮರವನ್ನೂ ಬೆವರಿನ ಕೈಯಿಂದ ಸವರಬೇಡಿ. ಬೆರಳು ಇಟ್ಟು ನೋಡುವುದಿದ್ದರೆ ಕೈ ಒರೆಸಿಕೊಂಡು, ಅಲ್ಲಿಯವರನ್ನು ಕೇಳಿ ಮುಟ್ಟಿ, ನಾನೂ ಹಾಗೆಯೇ ಮಾಡಿದ್ದು.

ಇನ್ನೊಂದು ವಿನಂತಿ ಇದೆ. ಅರಗಿನ ಪಾಲಿಶ್ ಗೊತ್ತಿರುವ ಕೈಗಳು ಮುಂಬಯಿಯಲ್ಲಿ ದಿನದಿನಕ್ಕೆ ಕಡಿಮೆಯಾಗುತ್ತಿವೆ. ನಿಮ್ಮ ಮನೆಯಲ್ಲಿ, ನೆಂಟರಲ್ಲಿ ಮರದ ಕೆಲಸ ಕಲಿಯುವ ಹುಡುಗರೋ ಹುಡುಗಿಯರೋ ಇದ್ದರೆ ಒಮ್ಮೆ ಈ ಟೌನ್‌ಹಾಲಿಗೆ ಕರೆದುಕೊಂಡು ಹೋಗಿ ಕಪಾಟು ತೋರಿಸಿ. ಆಮೇಲೂ ಆಸಕ್ತಿ ಉಳಿದರೆ ನನ್ನ ಹತ್ತಿರ ಕಳಿಸಿ, ನಾನು ಕಲಿಸುತ್ತೇನೆ.