ಹಾಕಿಸಿದ್ದೆಷ್ಟು, ಕಿತ್ತಿದ್ದೆಷ್ಟು: ಮರಳುಗಾಡಿಗೆ ಹೊರಟ ನನ್ನ ಹಳೇ ಪಿಕಪ್

ಮೊದಲೇ ಹೇಳಿಬಿಡುತ್ತೇನೆ, ಈ ಗಾಡಿಗೆ ಎರಡು ವರ್ಷದಲ್ಲಿ ಹಾಕಿಸಿದ ಸಾಮಾನಿನಲ್ಲಿ ಹೆಚ್ಚುಕಮ್ಮಿ ಅರ್ಧ ಈಗ ಶೆಡ್ಡಿನ ಮೂಲೆಯಲ್ಲಿ ಬಿದ್ದಿದೆ. ಗಾಡಿ ತೊಂಬತ್ತರ ದಶಕದ ಪಿಕಪ್. ಮುಂದೂ ಹಿಂದೂ ಲೀಫ್ ಸ್ಪ್ರಿಂಗ್ (ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು), ಟರ್ಬೋ ಇಲ್ಲದ ಡೀಸೆಲ್ ಎಂಜಿನ್, ಫೋರ್ ವೀಲ್ ಡ್ರೈವ್‌ಗೆ ಇನ್ನೊಂದು ಗೇರ್ ಲಿವರ್. ಗಟ್ಟಿ ಗಾಡಿ, ಅದರಲ್ಲಿ ಎರಡು ಮಾತಿಲ್ಲ. ತಪ್ಪೆಲ್ಲ ನನ್ನದೇ. ಫೋಟೋದಲ್ಲಿ ಚೆನ್ನಾಗಿ ಕಾಣುವುದನ್ನು ಮೊದಲು ಹಾಕಿಸಿದೆ, ಕೆಲಸಕ್ಕೆ ಬರುವುದನ್ನು ಕೊನೆಗೆ.

ಶುರು ಮಾಡಿದ್ದು ಗಾಡಿ ಎತ್ತರಿಸುವ ಲಿಫ್ಟ್ ಕಿಟ್‌ನಿಂದ. 4 ಇಂಚು ಎತ್ತರ, ಭಾರ ಹೊರುವ ದಪ್ಪ ಪಟ್ಟಿಗಳು. ನಿಂತಾಗ ಗಾಡಿ ನೋಡಲು ಭರ್ಜರಿ. ಓಡಿಸಿದರೆ ಹಿಂಬದಿ ತೊಟ್ಟಿ ಖಾಲಿ ಇದ್ದಾಗ ಕುದುರೆ ಒದ್ದ ಹಾಗೆ ಮೇಲೆ ಹಾರುತ್ತದೆ. ಯಾಕೆ ಅಂದರೆ ಆ ಪಟ್ಟಿಗಳು ಬಗ್ಗುವುದೇ ತೊಟ್ಟಿ ತುಂಬ ಸಾಮಾನು ಇದ್ದಾಗ. ಇನ್ನೊಂದು ಸಂಗತಿ ನನಗೆ ಆಗ ಗೊತ್ತಿರಲಿಲ್ಲ. ಗಾಡಿ ಎತ್ತಿದರೆ ಎಂಜಿನ್ನಿನ ಶಕ್ತಿಯನ್ನು ಆಕ್ಸಲ್ಲಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಕೂರುವ ಕೋನವೂ ಬದಲಾಗುತ್ತದೆ, ಅದನ್ನು ಸರಿಪಡಿಸದೆ ಓಡಿಸಿದರೆ ಅದರ ತುದಿಯ ಬಾಗುವ ಕೀಲು, ಅಂದರೆ ಯುನಿವರ್ಸಲ್ ಜಾಯಿಂಟ್, ಬೇಗ ಸವೆಯುತ್ತದೆ. ನನ್ನದು ಆರು ತಿಂಗಳಲ್ಲೇ ಕಟಕಟ ಅನ್ನತೊಡಗಿತು. ಈಗ ಇರುವುದು 2 ಇಂಚಿನ ಮೆತ್ತನೆ ಪಟ್ಟಿ. ಸಾಕು, ಬೇಕಾದಷ್ಟಾಯಿತು.

ಕಿಟ್ ಕೂರಿಸಿದ ವರ್ಕ್‌ಶಾಪಿನ ಬಗ್ಗೆಯೂ ಒಂದು ಮಾತು. ಕೆಲಸ ಚೊಕ್ಕಟವಾಗಿತ್ತು, ಹುಡುಗರು ಒಳ್ಳೆಯವರು, ಆದರೆ ಹೇಳಲೇಬೇಕಾದ ಒಂದು ವಿಷಯ ಹೇಳಲಿಲ್ಲ. ಹೊಸ ಪಟ್ಟಿ ಹಾಕಿ ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಪಟ್ಟಿಗಳನ್ನು ಆಕ್ಸಲ್ಲಿಗೆ ಬಿಗಿಯುವ ಯು-ಬೋಲ್ಟ್‌ಗಳನ್ನು ಮತ್ತೊಮ್ಮೆ ಬಿಗಿ ಮಾಡಬೇಕು, ಪಟ್ಟಿಗಳು ಒಂದರ ಮೇಲೊಂದು ಸರಿಯಾಗಿ ಕೂತಾಗ ಅವು ಸಡಿಲವಾಗುತ್ತವೆ. ನಾನು ಮಾಡಲಿಲ್ಲ. ಮೊದಲ ಪ್ರವಾಸದಲ್ಲೇ ಪಟ್ಟಿಗಳನ್ನು ಹಿಡಿದಿಡುವ ಸೆಂಟರ್ ಬೋಲ್ಟ್ ಕಡಿದು ಹಿಂದಿನ ಆಕ್ಸಲ್ ಒಂದು ಕಡೆ ಜರುಗಿತು, ಗಾಡಿ ಏಡಿಯ ಹಾಗೆ ಓರೆಯಾಗಿ ಓಡಿತು. ಆಮೇಲೆ ಕೇಳಿದರೆ "ಅದು ಎಲ್ಲರಿಗೂ ಗೊತ್ತಿರುತ್ತೆ ಅಲ್ವಾ ಸಾರ್" ಎಂಬ ಉತ್ತರ.

ಟೈರಿನ ಕಥೆಯೂ ಹಾಗೇ. ಕಂಪನಿಯಿಂದ ಬಂದಿದ್ದು 29 ಇಂಚಿನವು, ನಾನು ನೇರವಾಗಿ 33ಕ್ಕೆ ಹಾರಿದೆ. ಅದೂ ಕೆಸರಿಗೆ ಮಾಡಿದ, ದಪ್ಪ ದಪ್ಪ ಹಲ್ಲಿನ ಟೈರು. ಮರಳಿನಲ್ಲಿ ಆ ಹಲ್ಲು ಸಲಿಕೆಯ ಕೆಲಸ ಮಾಡುತ್ತದೆ, ಆಕ್ಸಿಲರೇಟರ್ ಒತ್ತಿದಷ್ಟೂ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ಮರಳಿಗೆ ಬೇಕಾಗಿದ್ದು ತೇಲುವ ಟೈರು, ಅಗೆಯುವುದಲ್ಲ. ಜೊತೆಗೆ ಇಷ್ಟು ದೊಡ್ಡ ಟೈರು ಹಾಕಿದಾಗ ಚಕ್ರಕ್ಕೆ ಸಿಗುವ ಎಳೆತ ಸುಮಾರು 12% ಇಳಿಯಿತು. ಮೊದಲೇ ಸೋಮಾರಿ ಎಂಜಿನ್, ಇನ್ನೂ ಸೋಮಾರಿಯಾಯಿತು. ಸ್ಪೀಡೋಮೀಟರ್ 60 ಅಂದಾಗ ಗಾಡಿ ನಿಜವಾಗಿ 68ರಲ್ಲಿ ಇರುತ್ತಿತ್ತು. ಆಕ್ಸಲ್ಲಿನ ನಡುವೆ ಇರುವ, ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ನ ಗೇರು ಬದಲಿಸಿದರೆ ಇದು ಸರಿಹೋಗುತ್ತದೆ, ಆದರೆ ಮುಂದೆ ಹಿಂದೆ ಎರಡೂ ಬಿಚ್ಚಬೇಕು. ಅದರ ಬದಲು 31 ಇಂಚಿನ, ಬದಿ ಮೆತ್ತಗಿರುವ ಆಲ್ ಟೆರೇನ್ ಟೈರಿಗೆ ಇಳಿದೆ. ಗಾಡಿಗೂ ಸಮಾಧಾನ, ನನಗೂ.

ಅಸಲಿಗೆ ಟೈರಿಗಿಂತ ಮುಖ್ಯವಾಗಿದ್ದು ಅದರೊಳಗಿನ ಗಾಳಿ, ಅದನ್ನು ಬಿಡಲು ಒಂದು ಪೈಸೆ ಖರ್ಚಿಲ್ಲ. ರಸ್ತೆಯಲ್ಲಿ 35 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇರುವುದನ್ನು ಮರಳಿಗೆ ಇಳಿಯುವ ಮುಂಚೆ 18ಕ್ಕೆ ತರುತ್ತೇನೆ, ತೀರಾ ಮೆತ್ತಗಿದ್ದರೆ 15. ಟೈರು ಅಗಲವಾಗುತ್ತದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ, ಆದರೆ ನೆಲಕ್ಕೆ ತಾಗುವ ಜಾಗ ಅಗಲಕ್ಕಿಂತ ಉದ್ದಕ್ಕೇ ಜಾಸ್ತಿ ಬೆಳೆಯುತ್ತದೆ. ಒಂದು ದಿಬ್ಬವನ್ನು ಮೂರು ಸಲ ಹತ್ತಲಾಗದೆ ವಾಪಸ್ ಬಂದಿದ್ದೆ, 15ಕ್ಕೆ ಇಳಿಸಿದ ಮೇಲೆ ಎರಡನೇ ಗೇರಿನಲ್ಲಿ ಸುಮ್ನೆ ಹತ್ತಿಹೋಯಿತು. ಹುಮ್ಮಸ್ಸಿನಲ್ಲಿ ಒಮ್ಮೆ 10ಕ್ಕೂ ಇಳಿಸಿ ಜೋರಾಗಿ ತಿರುಗಿಸಿದೆ, ಟೈರು ರಿಮ್ಮಿನಿಂದ ಕಳಚಿಕೊಂಡಿತು. ಸುಡುವ ಮರಳಿನ ಮೇಲೆ ಜಾಕ್ ಇಟ್ಟರೆ ಗಾಡಿ ಏಳುವುದಿಲ್ಲ, ಜಾಕೇ ಕೆಳಗಿಳಿಯುತ್ತದೆ. ಅಡಿಗೆ ಒಂದು ಅಗಲವಾದ ಹಲಗೆ ಇರಲೇಬೇಕು.

ಬಿಟ್ಟ ಗಾಳಿ ಮತ್ತೆ ತುಂಬಬೇಕಲ್ಲ. ಸಿಗರೇಟ್ ಲೈಟರ್ ಸಾಕೆಟ್ಟಿಗೆ ಸಿಕ್ಕಿಸುವ ಪುಟ್ಟ ಕಂಪ್ರೆಸರ್ ಎರಡನೇ ಟೈರಿಗೇ ಕಾದು ನಿಂತಿತು, ಇನ್ನೊಂದು ದಿನ ಫ್ಯೂಸ್ ಸುಟ್ಟಿತು. ಈಗಿನದು ಬ್ಯಾಟರಿಗೆ ನೇರವಾಗಿ ಕ್ಲಿಪ್ ಹಾಕುವಂಥದ್ದು, ನಾಲ್ಕೂ ಟೈರನ್ನು ಬಿಡುವಿಲ್ಲದೆ ತುಂಬುತ್ತದೆ. ಕೊಳ್ಳುವಾಗ ಡಬ್ಬದ ಮೇಲೆ ಬರೆದ ಗರಿಷ್ಠ ಪಿಎಸ್‌ಐ ನೋಡಬೇಡಿ. ನಿಮಗೆ 150 ಪಿಎಸ್‌ಐ ಯಾತಕ್ಕೂ ಬೇಡ. ನಿಮಿಷಕ್ಕೆ ಎಷ್ಟು ಗಾಳಿ ಕೊಡುತ್ತದೆ, ಎಷ್ಟು ಹೊತ್ತು ನಿಲ್ಲದೆ ಓಡುತ್ತದೆ, ಅದನ್ನು ನೋಡಿ.

ಇನ್ನು ಎಂಜಿನ್ ಬಿಸಿಯೇರುವುದು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುತ್ತಾರಲ್ಲ, ಆ ಮಾತು ನನಗೇ ಹೇಳಿಸಿದ್ದು. ಎಂಜಿನ್ನಿನ ನೀರು ತಣಿಸುವ ರೇಡಿಯೇಟರ್ ಅರ್ಧ ಕಟ್ಟಿಕೊಂಡಿತ್ತು, ನಾನು ಅದರ ಮುಂದೆಯೇ ಉದ್ದನೆಯ ಲೈಟ್ ಬಾರ್ ಹಾಕಿಸಿ ಬರುತ್ತಿದ್ದ ಗಾಳಿಯನ್ನೂ ತಡೆದಿದ್ದೆ. ಮೆತ್ತನೆ ಮರಳಿನಲ್ಲಿ ಎಂಜಿನ್ ಪೂರ್ತಿ ದುಡಿಯುತ್ತಿರುತ್ತದೆ, ಗಾಡಿಯ ವೇಗ ಮಾತ್ರ ಸೈಕಲ್ಲಿನಷ್ಟು, ಹಿಂದಿನಿಂದ ಗಾಳಿ ಬೀಸುತ್ತಿದ್ದರೆ ಮುಗಿದೇ ಹೋಯಿತು. ಲೈಟ್ ಬಾರ್ ಕಿತ್ತೆ. ಮೂರು ಸಾಲಿನ ತಾಮ್ರ-ಹಿತ್ತಾಳೆ ರೇಡಿಯೇಟರ್, ಬಿಸಿಯೇರಿದಾಗ ಫ್ಯಾನನ್ನು ಜೋರಾಗಿ ತಿರುಗಿಸುವ ಹೊಸ ಫ್ಯಾನ್ ಕ್ಲಚ್, ಹಿಂದಿನ ಮಾಲೀಕರು ಎಲ್ಲೋ ಬಿಸಾಡಿದ್ದ ಫ್ಯಾನ್ ಸುತ್ತಲಿನ ಪ್ಲಾಸ್ಟಿಕ್ ಕವಚ, ಹೊಸ ಕ್ಯಾಪ್ ಹಾಕಿಸಿದೆ. ಕ್ಯಾಪನ್ನು ಹಗುರವಾಗಿ ನೋಡಬೇಡಿ. 13 ಪಿಎಸ್‌ಐ ಒತ್ತಡ ಹಿಡಿದಿಟ್ಟರೆ ಬರೀ ನೀರು ಕೂಡ 100ರ ಬದಲು ಸುಮಾರು 119 ಡಿಗ್ರಿಗೆ ಕುದಿಯುತ್ತದೆ, ಕ್ಯಾಪಿನ ರಬ್ಬರ್ ಸತ್ತಿದ್ದರೆ ಆ ಲಾಭವೆಲ್ಲ ಆವಿ. ಇಷ್ಟೆಲ್ಲ ಆದ ಮೇಲೆ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಜಾಗ ಬಿಟ್ಟು ಕದಲಿಲ್ಲ. ನೋಡುವವರ ಕಣ್ಣಿಗೆ ಮಾತ್ರ ಗಾಡಿಯಲ್ಲಿ ಏನೂ ಬದಲಾಗಿಲ್ಲ.

ಒಂದೇ ಒಂದು ವಸ್ತು ಹಾಕಿಸಿ ಅಂದರೆ ನಾನು ಶಾಕ್ ಅಬ್ಸಾರ್ಬರ್ ಅನ್ನುತ್ತೇನೆ. ತೊಳೆಯುವ ಹಲಗೆಯ ಹಾಗೆ ಅಲೆ ಅಲೆಯಾದ ಹಾದಿಯಲ್ಲಿ ಹಳೆಯ ಶಾಕ್‌ಗಳು ಅರ್ಧ ಗಂಟೆಯಲ್ಲಿ ಕೈಚೆಲ್ಲುತ್ತಿದ್ದವು. ಒಳಗಿನ ಎಣ್ಣೆ ಕಾದು ಗಾಳಿ ಬೆರೆತು ನೊರೆಯಾಗುತ್ತದೆ, ನೊರೆ ಏನನ್ನು ತಡೆದೀತು? ಮಾನೋಟ್ಯೂಬ್ ಶಾಕ್‌ನಲ್ಲಿ ಎಣ್ಣೆ ಬೇರೆ, ಒತ್ತಡದ ನೈಟ್ರೋಜನ್ ಬೇರೆ, ನಡುವೆ ಒಂದು ಪಿಸ್ಟನ್ ಇರುತ್ತದೆ. ಶಾಖವೂ ಬೇಗ ಹೊರಹೋಗುತ್ತದೆ. ಮೊದಲ ದಿನ ಓಡಿಸಿದಾಗ ಗಾಡಿಯೇ ಬೇರೆ ಅನ್ನಿಸಿತು. ಸ್ಟೀರಿಂಗ್ ಹಿಡಿದ ಕೈ ಸಂಜೆಗೆ ನೋಯಲಿಲ್ಲ. ಪಕ್ಕದ ಸೀಟಿನವರು ನಿದ್ದೆ ಮಾಡಿದರು, ಇದಕ್ಕಿಂತ ಸರ್ಟಿಫಿಕೇಟ್ ಬೇಕಾ?

ಸ್ನಾರ್ಕೆಲ್, ಅಂದರೆ ಎಂಜಿನ್ನಿಗೆ ಗಾಳಿ ಎಳೆಯುವ ಎತ್ತರದ ಕೊಳವೆ, ಪರವಾಗಿಲ್ಲ. ಗಾಳಿಯನ್ನು ದೂಳಿಗಿಂತ ಎತ್ತರದಿಂದ ಎಳೆದುಕೊಳ್ಳುತ್ತದೆ, ತುದಿಗೆ ಗಾಳಿಯನ್ನು ಸುತ್ತಿಸಿ ದೂಳು ಬೇರ್ಪಡಿಸುವ ಸೈಕ್ಲೋನ್ ಬಟ್ಟಲು ಹಾಕಿದರೆ ಫಿಲ್ಟರಿಗೆ ಮುಂಚೆಯೇ ಒಂದು ಹಿಡಿ ದೂಳು ಅಲ್ಲೇ ಉಳಿಯುತ್ತದೆ. ಆದರೆ ಫಿಲ್ಟರಿನಿಂದಾಚೆ ಎಂಜಿನ್ನಿಗೆ ಹೋಗುವ ಪೈಪಿನ ಜೋಡಣೆ ಸಡಿಲವಿದ್ದರೆ ಇದೆಲ್ಲ ದಂಡ. ಆ ಪೈಪಿನ ಒಳಗೆ ಬೆರಳಾಡಿಸಿ ನೋಡಿ. ನನ್ನ ಬೆರಳಿಗೆ ಸಣ್ಣ ದೂಳು ಅಂಟಿತ್ತು, ಎದೆ ಧಸಕ್ಕೆಂದಿತು.

ಕೊನೆಗೆ ಭಾರ. ಟಾಪ್ ಮೇಲೆ ಕ್ಯಾರಿಯರ್, ಎರಡು ಸ್ಟೆಪ್ನಿ, ಉಕ್ಕಿನ ಬಂಪರ್, ಅದರಲ್ಲಿ ವಿಂಚು (ಹಗ್ಗ ಸುತ್ತಿಕೊಂಡು ಗಾಡಿ ಎಳೆಯುವ ಮೋಟಾರು). ಮೇಲೆ ಭಾರ ಹೇರಿದಷ್ಟೂ ಓರೆ ದಿಬ್ಬದಲ್ಲಿ ಜೀವ ಬಾಯಿಗೆ ಬರುತ್ತದೆ, ಮುಂದೆ ಭಾರ ಹೇರಿದಷ್ಟೂ ಮೂತಿ ಮರಳಿಗೆ ಹೂತುಕೊಳ್ಳುತ್ತದೆ. ವಿಂಚಿನ ಹಗ್ಗ ಕಟ್ಟಲು ಮರಳುಗಾಡಿನಲ್ಲಿ ಮರ ಎಲ್ಲಿದೆ ಎಂದು ನಾನು ಯೋಚಿಸಿದ್ದು ಅದನ್ನು ಹಾಕಿಸಿ ವರ್ಷವಾದ ಮೇಲೆ. ಈಗ ಒಂದು ಸಲಿಕೆ, ಹೂತ ಚಕ್ರದಡಿ ಇಡಲು ಎರಡು ಜೊತೆ ಹಲಗೆ, ಹಿಗ್ಗುವ ಒಂದು ಎಳೆಯುವ ಹಗ್ಗ ಇಷ್ಟೇ. ಆದರೆ ಹಗ್ಗವನ್ನು ಟ್ರೇಲರ್ ಜೋಡಿಸುವ ಉಕ್ಕಿನ ಚೆಂಡಿಗೆ (ಟೋ ಬಾಲ್) ಎಂದೂ ಸಿಕ್ಕಿಸಬೇಡಿ, ಮುರಿದರೆ ಅದು ಗುಂಡಿನ ಹಾಗೇ ಹಾರುತ್ತದೆ. ಬಂಪರ್ ಕಿತ್ತು ಹಳೆಯದನ್ನೇ ಹಾಕಿದ ದಿನ ಗಾಡಿಯ ಮೂತಿ ಒಂದೂವರೆ ಇಂಚು ಮೇಲೆದ್ದಿತು, ಅದೂ ಪುಕ್ಕಟೆ.

ವಿಂಚು ಬೇಕಾದವರು ಇದ್ದರೆ ಹೇಳಿ. ಇವತ್ತಿನವರೆಗೂ ಅದರ ಹಗ್ಗ ಬಿಚ್ಚಿಲ್ಲ.