ವಾಸ್ಕೋದಲ್ಲಿ ಬಿಸಿಲಿನ ಐಸ್ ಪೆಟ್ಟಿಗೆ: ದೀರ್ಘಕಾಲದ ಬಳಕೆಯ ವಿಮರ್ಶೆ

ಬಿಸಿಲಿನ ಶಾಖದಿಂದಲೇ ಐಸ್ ಮಾಡುವ ಈ ಯಂತ್ರ ಕೊಳ್ಳಲು ಬಂದವರೆಲ್ಲ ಮೊದಲು ಕನ್ನಡಿ ಮುಟ್ಟಿ ನೋಡುತ್ತಾರೆ. ನೋಡಬೇಕಾದದ್ದು ನೀರಿನ ಡ್ರಮ್ಮನ್ನು. ಗೋವಾದಲ್ಲಿ ನವೆಂಬರಿನಿಂದ ಮೇವರೆಗೆ ಬಿಸಿಲಿಗೆ ಬರವಿಲ್ಲ, ತಂಪಿಗೇ ಬರ. ಎಷ್ಟು ಐಸ್ ಸಿಗುತ್ತದೆ ಎಂಬುದು ಆ ಡ್ರಮ್ಮಿನಲ್ಲೇ ತೀರ್ಮಾನವಾಗುತ್ತದೆ.

ಇದರಲ್ಲಿ ಮೋಟಾರಿಲ್ಲ, ಕಂಪ್ರೆಸರ್ ಇಲ್ಲ. ಪೂರ್ವ-ಪಶ್ಚಿಮವಾಗಿ ಕೂರಿಸಿದ ದೋಣಿಯಾಕಾರದ ಕನ್ನಡಿ 4 ಚದರ ಮೀಟರ್. ಅದರ ನಡುವೆ 3 ಇಂಚಿನ ಉಕ್ಕಿನ ಪೈಪು, ಒಟ್ಟು 6 ಮೀಟರ್. ಒಳಗೆ ನೀರಿನಂಶವಿಲ್ಲದ 6 ಕೆಜಿ ಕ್ಯಾಲ್ಸಿಯಂ ಕ್ಲೋರೈಡ್, 6.5 ಕೆಜಿ ಅಮೋನಿಯಾ. ಹಗಲು ಪೈಪು ಕಾದಾಗ ಈ ಕ್ಲೋರೈಡ್ ಉಪ್ಪು ಅಮೋನಿಯಾವನ್ನು ಬಿಡುತ್ತದೆ. ಅದು 200 ಲೀಟರ್ ಡ್ರಮ್ಮಿನೊಳಗಿನ ಸುರುಳಿಯಲ್ಲಿ ದ್ರವವಾಗಿ ಪೆಟ್ಟಿಗೆಗೆ ಇಳಿಯುತ್ತದೆ. ರಾತ್ರಿ ತಣ್ಣಗಾದ ಉಪ್ಪು ಅದನ್ನು ಮತ್ತೆ ಎಳೆದುಕೊಳ್ಳುವಾಗ, ಆವಿಯಾಗುವ ಅಮೋನಿಯಾ ಪೆಟ್ಟಿಗೆಯ ನೀರಿನ ಶಾಖವನ್ನೆಲ್ಲ ಹೀರುತ್ತದೆ. ಹೊಸ ತಂತ್ರಜ್ಞಾನ ಎಂದು ಮಾರುವವರ ಮಾತು ನಂಬಬೇಡಿ. 1878ರ ಪ್ಯಾರಿಸ್ ಪ್ರದರ್ಶನದಲ್ಲೇ ಆಗಸ್ಟಿನ್ ಮೂಶೋ ಬಿಸಿಲಿನಿಂದ ಐಸ್ ಮಾಡಿ ತೋರಿಸಿದ್ದರು.

ಹಾಕಿದ ಅಮೋನಿಯಾದಲ್ಲಿ ಸುಮಾರು 1.8 ಕೆಜಿ ಉಪ್ಪನ್ನು ಬಿಟ್ಟು ಬರುವುದೇ ಇಲ್ಲ. ಓಡಾಡುವುದು ಹೆಚ್ಚೆಂದರೆ 4.7 ಕೆಜಿ. ಲೆಕ್ಕದ ಪ್ರಕಾರ ಅಷ್ಟರಲ್ಲಿ 11 ಕೆಜಿ ಐಸ್ ಆಗಬೇಕು. ಪೆಟ್ಟಿಗೆ, ಪೈಪು, ಬಾಗಿಲಿನ ಸೋರಿಕೆ ಕಳೆದು ಕೈಗೆ ಸಿಗುವುದು 7–8 ಕೆಜಿ. ನಮ್ಮ ಸೆಕೆಯಲ್ಲಿ ಮೀನಿಗೆ ಸಮತೂಕದ ಐಸ್ ಬೇಕು. ಹಾಗಾಗಿ ಇದು ಒಬ್ಬಳು ಮೀನುಗಾರ್ತಿಯ ಒಂದು ಬುಟ್ಟಿಗೆ ಸಾಕು, ಅಂಗಡಿಗೆ ಸಾಲದು.

ಇನ್ನು ಡ್ರಮ್ಮಿನ ವಿಷಯ. ನೀರು 30 ಡಿಗ್ರಿ ಇದ್ದರೆ ಒತ್ತಡ ತೋರಿಸುವ ಗೇಜಿನಲ್ಲಿ ಸುಮಾರು 10.7 ಬಾರ್ (ಒತ್ತಡದ ಅಳತೆ), 35ಕ್ಕೆ 12.5, 40ಕ್ಕೆ 14.5. ನೀರು 30ರಲ್ಲಿದ್ದರೆ ಉಪ್ಪು 100 ಡಿಗ್ರಿಯ ಒಳಗೇ ಅಮೋನಿಯಾ ಬಿಡುತ್ತದೆ. 40ಕ್ಕೇರಿದರೆ 106 ಡಿಗ್ರಿ ಬೇಕು, ಪೈಪಿನ ಹೊರಮೈ ಅದಕ್ಕಿಂತಲೂ ಹೆಚ್ಚು ಕಾಯಬೇಕು. ಒಂದು ಹಗಲಿನ ಕೆಲಸಕ್ಕೆ ಡ್ರಮ್ಮಿನ ನೀರು ಆರು ಡಿಗ್ರಿಯಷ್ಟು ಬಿಸಿಯಾಗುತ್ತದೆ. ಬದಲಾಯಿಸದೆ ಬಿಟ್ಟರೆ ಮರುದಿನ ಅಲ್ಲಿಂದಲೇ ಶುರು. ಸಂಜೆ ಅರ್ಧ ನೀರು ಚೆಲ್ಲಿ ಬಾವಿ ನೀರು ತುಂಬಿಸಿ, ಡ್ರಮ್ಮನ್ನು ನೆರಳಿನಲ್ಲಿಡಿ. ಮಾರುವವರು ಬಿಸಿಲಲ್ಲಿ ನಿಲ್ಲಿಸಿಯೇ ಫೋಟೋ ತೆಗೆಯುತ್ತಾರೆ, ಅದು ಶುದ್ಧ ತಪ್ಪು.

ರಾತ್ರಿಯದೂ ಇದೇ ಕಥೆ. ಪೆಟ್ಟಿಗೆ ಮೈನಸ್ 10ಕ್ಕೆ ಇಳಿಯಬೇಕಾದರೆ ಪೈಪು 50 ಡಿಗ್ರಿಯ ಕೆಳಗೆ ಬರಲೇಬೇಕು, ಮತ್ತು ಉಪ್ಪು ಅಮೋನಿಯಾ ಹೀರುವಾಗ ತಾನೇ ಬಿಸಿಯಾಗುತ್ತದೆ. ಸೂರ್ಯ ಮುಳುಗಿದೊಡನೆ ಪೈಪಿನ ಗಾಜಿನ ಮುಚ್ಚಳ ತೆಗೆಯದಿದ್ದರೆ ಬೆಳಗ್ಗೆ ಸಿಗುವುದು ತಣ್ಣೀರು. ಪುಣೆಯಲ್ಲಿ ಚಳಿಗಾಲದ ಒಣ ರಾತ್ರಿಗಳೇ ಈ ಕೆಲಸವನ್ನು ಅರ್ಧ ಮಾಡಿಕೊಡುತ್ತವೆ. ಕರಾವಳಿಯ ತೇವದ ಗಾಳಿಯಲ್ಲಿ ಆ ಅನುಕೂಲವಿಲ್ಲ.

ಐಸ್ ದಿನೇದಿನೇ ಕಮ್ಮಿಯಾಗುತ್ತಿದ್ದರೆ ಎಲ್ಲರೂ ಅಮೋನಿಯಾ ಸೋರಿದೆ ಎನ್ನುತ್ತಾರೆ. ಹೆಚ್ಚಿನ ಸಲ ಒಳಗೆ ಗಾಳಿ ಸೇರಿರುತ್ತದೆ. ಬೆಳಗಿನ ಜಾವ ದ್ರವ ಪೂರ್ತಿ ಮುಗಿದ ಮೇಲೆ ಒಳಗಿನ ಒತ್ತಡ ಹೊರಗಿನ ಗಾಳಿಗಿಂತ ಕೆಳಗಿಳಿಯುತ್ತದೆ. ಆಗ ಸಡಿಲ ಥ್ರೆಡ್ಡು, ವಾಲ್ವಿನ ಗ್ಲ್ಯಾಂಡು (ಕಡ್ಡಿಯ ಸುತ್ತಲಿನ ಪ್ಯಾಕಿಂಗ್) ಗಾಳಿಯನ್ನು ಒಳಗೆಳೆಯುತ್ತವೆ. ಡ್ರಮ್ಮಿನ ನೀರಿಗೆ ಥರ್ಮಾಮೀಟರ್ ಹಾಕಿ ಗೇಜನ್ನು ಮೇಲಿನ ಅಂಕಿಗಳೊಡನೆ ಹೋಲಿಸಿ. ಒಂದೂವರೆ ಬಾರ್ ಹೆಚ್ಚಿದ್ದರೆ ಗಾಳಿಯೇ. ಸಂಜೆ ನಾಲ್ಕು ಗಂಟೆಯ ಹೊತ್ತಿಗೆ, ಒತ್ತಡ ಇರುವಾಗಲೇ, ರಿಸೀವರಿನ (ದ್ರವ ಅಮೋನಿಯಾ ಸೇರುವ ಪಾತ್ರೆಯ) ಮೇಲಿನ ವಾಲ್ವಿಗೆ ಹೋಸು ಸಿಕ್ಕಿಸಿ ತುದಿಯನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ, ವಾಲ್ವನ್ನು ಕೂದಲೆಳೆಯಷ್ಟು ತೆರೆಯಿರಿ. ಗಾಳಿ ಗುಳ್ಳೆಯಾಗಿ ಮೇಲೆ ಬರುತ್ತದೆ, ಅಮೋನಿಯಾ ಚಟಚಟ ಸದ್ದು ಮಾಡುತ್ತ ನೀರಿನಲ್ಲೇ ಕರಗುತ್ತದೆ. ಗುಳ್ಳೆ ನಿಂತು ಸದ್ದಷ್ಟೇ ಉಳಿದಾಗ ವಾಲ್ವ್ ಮುಚ್ಚಿ. ಮುಚ್ಚಿದ ಕೂಡಲೇ ನೀರು ಹೋಸಿನೊಳಗೆ ಏರುತ್ತದೆ, ಹೆದರಬೇಡಿ. ಮೊದಲು ವಾಲ್ವ್ ಮುಚ್ಚಿ, ಆಮೇಲಷ್ಟೇ ಹೋಸು ತೆಗೆಯಿರಿ. ಕನ್ನಡಕ, ರಬ್ಬರ್ ಗ್ಲೌಸ್ ಇಲ್ಲದೆ, ಗಾಳಿಗೆ ಬೆನ್ನು ಮಾಡಿ ನಿಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಕೊಳ್ಳುವಾಗ ಹಿತ್ತಾಳೆ, ತಾಮ್ರ, ಗ್ಯಾಲ್ವನೈಸ್ಡ್ ಫಿಟ್ಟಿಂಗ್ ಒಂದಾದರೂ ಕಂಡರೆ ವಾಪಸ್ ಕಳಿಸಿ. ಅಮೋನಿಯಾ ಅವನ್ನು ತಿನ್ನುತ್ತದೆ. ಉಪ್ಪು ಪೈಪಿನ ಕಾಲು ಭಾಗಕ್ಕಿಂತ ಹೆಚ್ಚಿರಬಾರದು, ಅಮೋನಿಯಾ ಹೀರಿದಾಗ ಹಲವು ಪಟ್ಟು ಉಬ್ಬುತ್ತದೆ. ಸೇಫ್ಟಿ ವಾಲ್ವಿನ ಬಾಯಿ ಮನೆಯ ಕಡೆ ತಿರುಗಿರಬಾರದು.

ಕನ್ನಡಿಯ ಓರೆಯನ್ನು ವಾರಕ್ಕೊಮ್ಮೆ ಸರಿಪಡಿಸಿದರೆ ಸಾಕು. ಮೇ ಮೊದಲ ವಾರದಿಂದ ಮಧ್ಯಾಹ್ನದ ಸೂರ್ಯ ಇಲ್ಲಿ ನೆತ್ತಿಯಿಂದ ಉತ್ತರಕ್ಕೆ ಸರಿಯುತ್ತಾನೆ ಎಂಬುದು ನೆನಪಿರಲಿ. ಉಪ್ಪುಗಾಳಿಗೆ ಕನ್ನಡಿಯ ಹೊಳೆಯುವ ಫಿಲ್ಮ್ ಅಂಚಿನಿಂದ ಏಳುತ್ತದೆ. ಅಂಚಿಗೆ ಸಿಲಿಕೋನ್ ಹಚ್ಚಿ. ಒಣಬಟ್ಟೆಯಲ್ಲಿ ಉಜ್ಜಬೇಡಿ, ನೀರು ಹೊಯ್ಯಿರಿ.

ಜೂನ್, ಜುಲೈನಲ್ಲಿ ಯಾಂತ್ರಿಕ ಮೀನುಗಾರಿಕೆಗೇ ನಿಷೇಧ ಇರುವುದರಿಂದ ಮೋಡ ಅಷ್ಟು ಬಾಧಿಸುವುದಿಲ್ಲ. ಕಷ್ಟ ಆಗಸ್ಟ್, ಸೆಪ್ಟೆಂಬರಿನದು: ಮೀನು ಬರುತ್ತದೆ, ಬಿಸಿಲು ಬರುವುದಿಲ್ಲ, ಐಸ್ ಕೊಂಡೇ ತರಬೇಕು. ಕರೆಂಟಿರುವ ಮನೆಗೆ ಇದು ಬೇಡವೇ ಬೇಡ. ಇಷ್ಟೇ ಜಾಗದ ಸೋಲಾರ್ ಪ್ಯಾನೆಲ್ಲಿಗೆ ಫ್ರೀಜರ್ ಜೋಡಿಸಿದರೆ ಇದರ ಮೂರು ಪಟ್ಟು ಐಸ್ ಬರುತ್ತದೆ. ತಂತಿ ತಲುಪದ ಕಡೆ, ವೆಲ್ಡಿಂಗ್ ಬಲ್ಲವರು ಹತ್ತಿರವಿದ್ದು, ಬೆಳಗ್ಗೆ ಸಂಜೆ ತಪ್ಪದೆ ಮುಚ್ಚಳ ಹಾಕಿ ತೆಗೆಯುವವರಿದ್ದರೆ ಮಾತ್ರ ಕೊಳ್ಳಿ.